ಎರಡು ಬಾಣ ಇದ್ದರೆ ಸುದ್ದಿ ನಿಜ ಅಲ್ವಾ?

‘ಸಾರ್, ವಾಟ್ಸಾಪಲ್ಲಿ ಬಂದ ಆನೆ ವಿಡಿಯೊ ಮೇಲೆ ಎರಡು ಬಾಣ, ಪಕ್ಕದಲ್ಲಿ ಫಾರ್ವರ್ಡೆಡ್ ಮೆನಿ ಟೈಮ್ಸ್ ಅಂತ ಇತ್ತು. ಅಷ್ಟು ಜನ ಕಳಿಸಿದ್ದಾರೆ ಅಂದ್ಮೇಲೆ ನಿಜವೇ ಇರಬೇಕಲ್ಲ?’ ಬೇಲೂರು ಕಡೆಯ ಓದುಗರೊಬ್ಬರ ಪ್ರಶ್ನೆ.

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟೆ. ನಿಜ ಇರಬೇಕಾಗಿಲ್ಲ.

ಅತ್ತೆಗೆ ಯಾರೋ ಒಂದು ವಿಡಿಯೊ ಕಳಿಸಿದರು ಅಂದುಕೊಳ್ಳಿ. ಅತ್ತೆ ಅದನ್ನು ಸೊಸೆಗೆ ದಾಟಿಸಿದರು. ಸೊಸೆ ತಮ್ಮನಿಗೆ, ತಮ್ಮ ಗೆಳೆಯನಿಗೆ, ಗೆಳೆಯ ಊರಿನ ಗ್ರೂಪಿಗೆ, ಗ್ರೂಪಿನಿಂದ ಯಾರೋ ನಿಮಗೆ. ಐದು ಕೈ ಆಯ್ತಾ? ಎರಡು ಬಾಣ ಬಿತ್ತು. ಇವರಲ್ಲಿ ಆನೆ ಕಂಡವರು ಯಾರು ಹೇಳಿ? ವಾಟ್ಸಾಪಂತೂ ಕಂಡಿಲ್ಲ. ಮೆಸೇಜಿಗೆ ಬೀಗ ಇರುವುದರಿಂದ ಒಳಗೆ ಇರುವುದು ಆನೆಯೋ ಹಲಸಿನ ಹಪ್ಪಳ ಮಾಡುವ ವಿಧಾನವೋ ಅದಕ್ಕೆ ಗೊತ್ತೇ ಆಗುವುದಿಲ್ಲ.

ಫಾರ್ವರ್ಡ್ ಮಾಡುವುದಕ್ಕೆ ವಾಟ್ಸಾಪ್ ಹಾಕಿದ ಲಗಾಮು ಯಾಕೆ ಬಂತು ಅಂತಲೂ ಕೇಳಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಗೆ ಒಬ್ಬ ಎಂಜಿನಿಯರ್ ಬಲಿಯಾದರು. ಅದೇ ತಿಂಗಳು ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದ ಹಾಗೆ ಮಾಡಿದರು. 2020ರ ಏಪ್ರಿಲ್‌ನಲ್ಲಿ ಎರಡು ಬಾಣದ ಮೆಸೇಜಿಗೆ ಇನ್ನೂ ಬಿಗಿ: ಒಮ್ಮೆಗೆ ಒಂದೇ ಚಾಟ್. ನಿಜ ಅಂತ ಗ್ಯಾರಂಟಿ ಇದ್ದ ಸುದ್ದಿಗೆ ಯಾರಾದರೂ ಹೀಗೆ ಕಾಲು ಕಟ್ಟುತ್ತಾರಾ?

ಬಾಣ ಇಲ್ಲ ಅಂದರೆ ಹೊಸದು ಅಂತಲೂ ಅಲ್ಲ. ಕಾಪಿ ಮಾಡಿ ಅಂಟಿಸಿದರೆ, ಫೋನಿಗೆ ಇಳಿಸಿಕೊಂಡು ಮತ್ತೆ ಹಾಕಿದರೆ ಬಾಣ ಮಾಯ.

ಇನ್ನು ಆ ವಿಡಿಯೊ. ನನಗೂ ಒಂದು ಗ್ರೂಪಿನಲ್ಲಿ ಬಂದಿತ್ತು. ಕೆಳಗೆ ‘ಇಂದು ಬೆಳಿಗ್ಗೆ, ಬಿಕ್ಕೋಡು ಹತ್ರ’ ಅಂತ ಒಕ್ಕಣೆ. ಆನೆ ಹಾಗಿರಲಿ, ಅದರ ಹಿಂದಿನ ಕಾಫಿ ಗಿಡ ನೋಡಿದಿರಾ? ರೆಂಬೆ ತುಂಬಾ ಬಿಳಿ ಹೂವು. ಈಗ ಡಿಸೆಂಬರ್. ನಿಮ್ಮ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದಾರೆ. ಹೂಮಳೆ ಬಿದ್ದು ಗಿಡ ಬೆಳ್ಳಗಾಗಲು ಇನ್ನೂ ಎರಡು ಮೂರು ತಿಂಗಳು ಬೇಕು. ಕಾಫಿ ಬೆಳೆಯುವವರೇ ತುಂಬಿರುವ ಗ್ರೂಪು ಅದು! ಒಬ್ಬರಿಗೂ ಹೂವು ಕಾಣಲಿಲ್ಲ. ಅದು ಒಂಟಿ ಸಲಗವೋ ಗುಂಪಿನದ್ದೋ ಅಂತ ರಾತ್ರಿ ಹತ್ತರವರೆಗೆ ಜಗಳ ಮಾತ್ರ ನಡೆಯಿತು.

ಜಗಳ ಅಂದಾಗ ನೆನಪಾಯಿತು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಬಿಡಿ. ಹ್ರಸ್ವ ದೀರ್ಘ ಎಲ್ಲ ಒಂದೇ ಆಗಿಬಿಡುತ್ತದೆ. ಅದೇ ಗ್ರೂಪಿನಲ್ಲಿ ಹೋದ ವಾರ ಒಬ್ಬರು ‘ತೋಟದ ದಾರೀಲಿ ಕೇರೆ ಇದೆ, ಮಕ್ಕಳು ಹುಷಾರು’ ಅಂತ ಹಾಗೆ ಬರೆದರು. ಹಾವಿನ ವಿಷಯ. ಕೇರೆಗೆ ವಿಷ ಇಲ್ಲ, ಅದು ಬೇರೆ ಮಾತು. ಅರ್ಧ ಜನ ಅದನ್ನು ಕೆರೆ ಅಂತ ಓದಿದರು.

‘ನಲವತ್ತು ವರ್ಷದಿಂದ ಅಲ್ಲೇ ಇದೆ. ಈಗ ಎದ್ದು ಹೇಳ್ತೀರಲ್ಲ!’ ಅಂತ ಒಬ್ಬ ಹಿರಿಯರು ಗದರಿದರು.

ಬರೆದವರಿಗೂ ಸಿಟ್ಟು ಬಂತು. ‘ನಲವತ್ತು ವರ್ಷ ಯಾವ ಹಾವು ಬದುಕುತ್ತೆ ಮಾರಾಯ್ರೆ?’