ಲ್ಯಾಬ್ ರಿಪೋರ್ಟ್ ಆಮೇಲೆ, ಪ್ರಾಣಿ ಎಲ್ಲಿತ್ತು ಅದನ್ನ ಹೇಳಿ

ಮಾಂಸ ತರಿಸೋರಿರಲಿ ಚರ್ಮ ತರಿಸೋರಿರಲಿ, ಕಂಟೇನರ್ ಬಂದರಲ್ಲಿ ನಿಂತ ಮೇಲೆ ನನಗೆ ಬರೋ ಫೋನ್ ಮಾತ್ರ ಒಂದೇ ಥರ. "ಡಾಕ್ಟ್ರೇ, ಲ್ಯಾಬ್ ರಿಪೋರ್ಟ್ ಕ್ಲೀನ್ ಇದೆ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಲ್ಲ, ತಿಂದ್ರೆ ಯಾರಿಗೂ ಏನೂ ಆಗಲ್ಲ, ಮತ್ಯಾಕೆ ಹಿಡ್ಕೊಂಡಿದಾರೆ?"

ತಿಂದೋರಿಗೆ ಏನೂ ಆಗಲ್ಲ, ಒಪ್ಪಿದೆ. ಉದಾಹರಣೆಗೆ, ಹಂದಿಗಳನ್ನ ಸಾಯಿಸೋ ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರೋದೇ ಇಲ್ಲ. ಆದ್ರೆ ಮಾಲಿನ ಜತೆ ಅದು ಹೊರಟ ದೇಶದ ಸರ್ಕಾರಿ ಪಶುವೈದ್ಯರ ಹೆಲ್ತ್ ಸರ್ಟಿಫಿಕೇಟ್ ಇರಬೇಕು ಅನ್ನೋ ಈ ರೂಲ್ ಇರೋದು ನಿಮ್ಮ ಗಿರಾಕಿಗಳ ಹೊಟ್ಟೆಗಲ್ಲ ಸ್ವಾಮಿ, ತರಿಸಿಕೊಳ್ಳೋ ದೇಶದ ದನ, ಕುರಿ, ಹಂದಿ, ಕೋಳಿಗೆ. ತಿಂದು ಮಿಕ್ಕಿದ್ದು ಮುಸುರೆಗೆ ಹೋಗುತ್ತೆ, ಮುಸುರೆ ಹಂದಿಗೆ ಹೋಗುತ್ತೆ, ಅಲ್ಲಿಂದ ಶುರು. 2001ರಲ್ಲಿ ಬ್ರಿಟನ್ನಲ್ಲಿ ಕಾಲುಬಾಯಿ ಜ್ವರ ಹಬ್ಬಿದ್ದಕ್ಕೆ ಸರಿಯಾಗಿ ಬೇಯಿಸದ ಮುಸುರೆ ತಿಂದ ಹಂದಿಗಳೇ ಮೂಲ ಇರಬೇಕು ಅಂತ ತನಿಖೆ ಮಾಡಿದೋರು ಹೇಳಿದ್ರು, 60 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳನ್ನ ಕೊಲ್ಲಬೇಕಾಯ್ತು.

ಇನ್ನು ಕೆಲವರು "ಮೈನಸ್ 18ರಲ್ಲಿ ಇಟ್ಟಿದೀವಿ, ರೋಗಾಣು ಎಲ್ಲಿ ಉಳಿಯುತ್ತೆ" ಅಂತಾರೆ. ಫ್ರೀಜ್ ಮಾಡಿದ್ರೆ ವೈರಸ್ ಸಾಯಲ್ಲ, ಚೆನ್ನಾಗಿ ಉಳಿಯುತ್ತೆ!

ಒಬ್ರು ಮೂಳೆ ಸಮೇತ ಮಾಂಸ ತರಿಸಿ ಸಿಕ್ಕಾಕೊಂಡ್ರು. ಬಂದರಲ್ಲೇ ನಿಂತು "ಮೂಳೆ ತಾನೇ, ಇಲ್ಲೇ ತೆಗೆಸಿಬಿಡ್ತೀನಿ ಬಿಡಿ" ಅಂದ್ರು. ಒಳ್ಳೆ ಮನುಷ್ಯ, ನಿಜವಾಗ್ಲೂ ಅಷ್ಟೇ ಅಂದ್ಕೊಂಡಿದ್ರು ಪಾಪ. ವಿಷಯ ಏನಂದ್ರೆ, ದನ ಕೊಯ್ದ ಮೇಲೆ ಮಾಂಸ ತಾನಾಗೇ ಹುಳಿಯಾಗ್ತಾ ಹೋಗುತ್ತೆ, ಪಿಎಚ್ (ಹುಳಿ ಅಳೆಯೋ ಲೆಕ್ಕ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕೆಳಗೆ ಇಳಿದ್ರೆ ಕಾಲುಬಾಯಿ ವೈರಸ್ ಬದುಕಲ್ಲ, ಅದಕ್ಕೇ ಫ್ರೀಜ್ ಮಾಡೋಕೆ ಮುಂಚೆ 2 ಡಿಗ್ರಿಗಿಂತ ಮೇಲಿಟ್ಟು ಕಮ್ಮಿ ಅಂದ್ರೂ 24 ಗಂಟೆ ಬಿಡ್ತಾರೆ, ಪಿಎಚ್ ಅಳೀತಾರೆ. ಆದ್ರೆ ಮೂಳೆ ಒಳಗಿನ ಮಜ್ಜೆ, ಆ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಇದಾವಲ್ಲ, ಅಲ್ಲಿ ಅಷ್ಟು ಹುಳಿ ಆಗಲ್ಲ, ವೈರಸ್ ಹಾಯಾಗಿರುತ್ತೆ. ಹಾಗಾಗಿ ಕಾಲುಬಾಯಿ ಜ್ವರ ಇರೋ ಕಡೆಯಿಂದ ಬಂದ ಒಂದೇ ದನದ ಮಾಂಸ, ಮೂಳೆ ತೆಗೆದಿದ್ರೆ ಒಳಗೆ ಬಿಡಬಹುದು, ಮೂಳೆ ಇದ್ರೆ ವಾಪಸ್. ಮೂಳೆ ಈ ನೆಲಕ್ಕೆ ಬರಬಾರದು ಅನ್ನೋದೇ ರೂಲ್, ಬಂದ ಮೇಲೆ ತೆಗೆಸಿ ಅದನ್ನ ಎಲ್ಲಿ ಹಾಕ್ತೀರಿ?

ಲ್ಯಾಬ್ ರಿಪೋರ್ಟ್ ಕೆಲಸಕ್ಕೆ ಬರಲ್ಲ ಅಂತಲ್ಲ. ನಾಕು ತುಂಡು ಟೆಸ್ಟ್ ಮಾಡಿದ್ರೆ ಆ ನಾಕು ತುಂಡಿನ ಕಥೆ ಗೊತ್ತಾಗುತ್ತೆ. ಪ್ರಾಣಿ ಇದ್ದ ಜಾಗದಲ್ಲಿ ರೋಗ ಇತ್ತಾ, ಕೊಯ್ಯೋ ಮುಂಚೆ, ಕೊಯ್ದ ಮೇಲೆ ಯಾರಾದ್ರೂ ನೋಡಿದ್ರಾ, ಆಮೇಲೆ ಬೇರೆ ಮಾಲಿನ ಜತೆ ಸೇರಿತಾ, ಇದನ್ನ ಹೇಳೋಕಾಗೋದು ಆ ದೇಶದ ಸರ್ಕಾರಿ ಪಶುವೈದ್ಯರಿಗೆ ಮಾತ್ರ, ಅದೂ ಮಾಲು ಹೊರಡೋಕೆ ಮುಂಚೆ. ಅವರ ಸರ್ಟಿಫಿಕೇಟಲ್ಲಿ ಹಡಗು ಹೊರಟ ಮೇಲಿನ ತಾರೀಖಿನ ಸಹಿ ನೋಡಿದ್ರೆ ನನಗೆ ತಲೆನೋವು ಶುರು.

ಪ್ಯಾರಿಸ್‌ನಲ್ಲಿರೋ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾನದಂಡ ಕೊಡುತ್ತೆ, ವಿಶ್ವ ವ್ಯಾಪಾರ ಸಂಸ್ಥೆಯ 1995ರ ಒಪ್ಪಂದ ಅದನ್ನ ಮಾನ್ಯ ಮಾಡುತ್ತೆ. ಆದ್ರೂ ಒಂದೊಂದು ದೇಶದ ಷರತ್ತು ಒಂದೊಂದು ಥರ, ರೋಗ ಕಾಣಿಸ್ಕೊಂಡ್ರೆ ರಾತ್ರೋರಾತ್ರಿ ಬದಲಾಗಬಹುದು, ಹಾಗಾಗಿ ನಾನು ಇಲ್ಲಿ ಬರೆದಿದ್ದನ್ನೇ ನಂಬಿ ಆರ್ಡರ್ ಹಾಕಬೇಡಿ. ಅಡ್ವಾನ್ಸ್ ಕಟ್ಟೋ ಮುಂಚೆ ಮಾಲು ತರಿಸಿಕೊಳ್ಳೋ ದೇಶ ಕೇಳೋ ಹೆಲ್ತ್ ಸರ್ಟಿಫಿಕೇಟ್ ನಮೂನೆ ತಗೊಂಡು ಮಾರೋರಿಗೆ ಕಳ್ಸಿ, ನಿಮ್ಮ ಸರ್ಕಾರಿ ಡಾಕ್ಟ್ರು ಇದರಲ್ಲಿ ಪ್ರತಿ ಸಾಲಿಗೂ ಸಹಿ ಹಾಕ್ತಾರಾ ಅಂತ ಕೇಳಿ. "ನೋಡೋಣ, ಮ್ಯಾನೇಜ್ ಮಾಡ್ತೀವಿ" ಅಂದ್ರೆ ಬೇರೆ ಕಡೆ ವಿಚಾರಿಸಿ.