ತೊಟ್ಟಿ ನಾಲ್ಕೇ ನಿಮಿಷಕ್ಕೆ ತುಂಬುತ್ತದಾ?

ಪ್ರಶ್ನೆ: ನಮ್ಮ ಕಾಫಿ ತೋಟದ ಸಿಮೆಂಟ್ ತೊಟ್ಟಿ 12 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳ ಇದೆ. ಪಂಪು ನಿಮಿಷಕ್ಕೆ 150 ಲೀಟರ್ ನೀರು ಎತ್ತುತ್ತದೆ. ತುಂಬಲು ಎಷ್ಟು ಹೊತ್ತು ಬೇಕು ಅಂತ ಎಂಟನೇ ಕ್ಲಾಸಿನ ಮಗಳನ್ನು ಕೇಳಿದೆ. 4 ನಿಮಿಷ ಅಂದಳು! ಲೆಕ್ಕ ತಪ್ಪಿದ್ದು ಎಲ್ಲಿ?
– ಗೋಣಿಕೊಪ್ಪಲಿನ ಓದುಗರೊಬ್ಬರು

ನಿಮ್ಮ ಮಗಳ ಗುಣಾಕಾರ, ಭಾಗಾಕಾರ ಎರಡೂ ಸರಿಯೇ ಇವೆ. 12 × 10 × 5 ಅಂದರೆ 600. ಅದನ್ನು 150ರಿಂದ ಭಾಗಿಸಿದರೆ 4. ಆದರೆ ಆ 600 ಇರುವುದು ಘನ ಅಡಿಯಲ್ಲಿ, 150 ಇರುವುದು ಲೀಟರಿನಲ್ಲಿ. ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು.

1 ಅಡಿಗೆ 30.48 ಸೆಂಟಿಮೀಟರ್. ಹಾಗಂತ 600ನ್ನು ಸುಮ್ನೆ 30.48ರಿಂದ ಒಂದು ಸಲ ಗುಣಿಸಿದರೆ ಆಗದು. ಉದ್ದ, ಅಗಲ, ಆಳ ಮೂರೂ ಅಡಿಯಲ್ಲಿವೆ, ಅಲ್ವಾ? ಮೂರು ಸಲ ಗುಣಿಸಬೇಕು. 30.48 × 30.48 × 30.48 ಅಂದರೆ ಸುಮಾರು 28,317 ಘನ ಸೆಂಟಿಮೀಟರ್. ಸಾವಿರಕ್ಕೆ ಒಂದು ಲೀಟರಿನಂತೆ 28.3 ಲೀಟರ್. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಡಬ್ಬಕ್ಕೆ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಪೂರ್ತಿ ಸುರಿದರೂ ಇನ್ನೂ ಎಂಟು ಲೀಟರ್ ಹಿಡಿಯುತ್ತದೆ.

ಹಾಗಾಗಿ ನಿಮ್ಮ ತೊಟ್ಟಿಗೆ ಸುಮಾರು 17,000 ಲೀಟರ್ ಬೇಕು. 150ರಿಂದ ಭಾಗಿಸಿದರೆ 113 ನಿಮಿಷ. ಇದನ್ನು 60ರಿಂದ ಭಾಗಿಸಿದಾಗ ಕ್ಯಾಲ್ಕುಲೇಟರ್ 1.88 ಅನ್ನುತ್ತದೆ. ಅದು 1 ಗಂಟೆ 88 ನಿಮಿಷ ಅಲ್ಲ ಮತ್ತೆ, 1 ಗಂಟೆ 53 ನಿಮಿಷ.

ಇನ್ನು ಆ 150 ಲೀಟರ್ ಪಂಪಿನ ಮೇಲೆ ಬರೆದಿದ್ದೋ, ನೀವೇ ಅಳೆದಿದ್ದೋ? ನಮ್ಮ ಕಡೆ ತೋಟಗಳೆಲ್ಲ ಇಳಿಜಾರು. ಕೆರೆ ಕೆಳಗೆ, ತೊಟ್ಟಿ ಮೇಲೆ. ಎತ್ತರ ಜಾಸ್ತಿಯಾದಷ್ಟೂ ಬರುವ ನೀರು ಕಡಿಮೆ. ತೊಟ್ಟಿಯ ಹತ್ತಿರವೇ ಪೈಪಿಗೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 8 ಸೆಕೆಂಡಿಗೆ ತುಂಬಿದರೆ ನಿಮ್ಮ ಲೆಕ್ಕ ಸರಿ. 10 ಸೆಕೆಂಡ್ ಹಿಡಿದರೆ ಬರುತ್ತಿರುವುದು ನಿಮಿಷಕ್ಕೆ 120 ಲೀಟರ್ ಮಾತ್ರ. ಆಗ ತೊಟ್ಟಿ ತುಂಬಲು ಸುಮಾರು 2 ಗಂಟೆ 22 ನಿಮಿಷ.

ಮಗಳಿಗೆ ಇನ್ನೊಂದು ಲೆಕ್ಕ ಕೊಡಿ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟಿತು, ಸ್ಪ್ರಿಂಕ್ಲರಿನಲ್ಲಿ ಒಂದು ಎಕರೆಗೆ ಒಂದು ಇಂಚು ನೀರು ಕೊಡಬೇಕು. (ನಮ್ಮ ಕಡೆ ಮಳೆಗೂ ಜಾಗಕ್ಕೂ ಸೆಂಟಿನದೇ ಲೆಕ್ಕ. ಮಳೆಯ 100 ಸೆಂಟು ಒಂದು ಇಂಚು, ಜಾಗದ 100 ಸೆಂಟು ಒಂದು ಎಕರೆ. ಎರಡನ್ನೂ ಕಲಸಿಬಿಟ್ಟರೆ ಕಥೆ ಮುಗಿಯಿತು!) ಒಂದು ಎಕರೆ 43,560 ಚದರ ಅಡಿ. ಒಂದು ಇಂಚು ಅಂದರೆ ಅಡಿಯ 12ರಲ್ಲಿ ಒಂದು ಪಾಲು. ಒಟ್ಟು 3,630 ಘನ ಅಡಿ, ಸುಮಾರು 1,02,800 ಲೀಟರ್. ನಿಮಿಷಕ್ಕೆ 150 ಲೀಟರಿನ ಪಂಪು 11 ಗಂಟೆ 25 ನಿಮಿಷ ಓಡಬೇಕು. ಅದೂ ನಡುವೆ ಕರೆಂಟು ಹೋಗದಿದ್ದರೆ.