ಊರ ಕುಲುಮೆಗಳು ಯಾಕೆ ಆರಿದ್ವು?

ಕಮ್ಮಾರರ ಕುಲುಮೆ ಯಾಕೆ ಮುಚ್ಚೋಯ್ತು ಅಂದ್ರೆ ಎಲ್ರೂ ಟ್ರ್ಯಾಕ್ಟರ್ ಕಡೆ ಕೈ ತೋರಿಸ್ತಾರೆ. ಅದು ಕೊನೇ ಪೆಟ್ಟು ಅಷ್ಟೇ, ಮೊದಲ ಪೆಟ್ಟು ಬ್ರಿಟಿಷರ ಕಾಲದಲ್ಲೇ ಬಿದ್ದಿತ್ತು.

1800ರಲ್ಲಿ ಕಂಪನಿ ಸರ್ಕಾರದ ಡಾಕ್ಟರ್ ಬುಕಾನನ್ ಮೈಸೂರು ಸೀಮೆ ಸುತ್ತಿ ಬರೆದಿಟ್ಟಿದಾನೆ, ಮಧುಗಿರಿ ಕಡೆ ಮಳೆನೀರಲ್ಲಿ ಕೊಚ್ಕೊಂಡು ಬರೋ ಕರಿಮರಳನ್ನ ತೊಳೆದು ಇದ್ದಿಲಲ್ಲಿ ಕರಗಿಸಿ ಕಬ್ಬಿಣ ತೆಗೀತಿದ್ರು, ಅದನ್ನ ಮಣ್ಣಿನ ಮೂಸೇಲಿ ತಂಗಡಿ ಗಿಡದ ಕಟ್ಟಿಗೆ ಜೊತೆ ಇಟ್ಟು ಬಾಯಿ ಮೆತ್ತಿ ಕಾಯಿಸಿದ್ರೆ ಉಕ್ಕು. ಆಮೇಲೆ ಹಡಗಲ್ಲಿ ಅಗ್ಗದ ಇಂಗ್ಲೆಂಡ್ ಕಬ್ಬಿಣ ಬಂತು, ಕಾಡಿನ ಕಾನೂನು ಬಂದು ಇದ್ದಿಲು ಸುಡೋದೂ ಕಷ್ಟ ಆಯ್ತು. 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರುವಾಗೋ ಹೊತ್ತಿಗೆ ಊರ ಕಮ್ಮಾರ ಅಂಗಡಿ ಕಬ್ಬಿಣ ತಂದು ತಟ್ಟೋನಾಗಿದ್ದ.

ಆದ್ರೂ ಹೊಟ್ಟೆಪಾಡು ನಡೀತಿತ್ತು, ಯಾಕಂದ್ರೆ ಆಯ ಇತ್ತು, ಅಂದ್ರೆ ವರ್ಷದ ಕೆಲಸಕ್ಕೆ ರೈತರು ದವಸದಲ್ಲಿ ಕೊಡೋ ಕೂಲಿ. ನೇಗಿಲ ಕುಳ ಹಣಿದು ಕೊಡೋದು, ಕುಡ್ಲಿಗೆ ಕಕ್ಕು (ಸಣ್ಣ ಹಲ್ಲು) ಹಾಕೋದು, ಗಾಡಿ ಚಕ್ರಕ್ಕೆ ಪಟ್ಟೆ ಕಟ್ಟೋದು, ವರ್ಷವಿಡೀ ಕೆಲಸ, ಸುಗ್ಗೀಲಿ ಕಣದಲ್ಲೇ ರಾಗಿ ಅಳೆದು ಕೊಡ್ತಿದ್ರು. ಸುಖದ ಕಾಲ ಅಂತ ನಾನು ಹೇಳ್ತಿಲ್ಲ, ಮಳೆ ಕೈಕೊಟ್ಟ ವರ್ಷ ಅವರ ಮನೆ ಒಲೆನೂ ಉರೀತಿರ್ಲಿಲ್ಲ. ಈಗ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಕಲ್ಟಿವೇಟರ್ ಹಲ್ಲು ಸವೆದ್ರೆ ನಟ್ ಬಿಚ್ಚಿ ಹೊಸದು ಹಾಕ್ತಾರೆ, ರಾಗಿ ಬಿಟ್ಟು ಅಡಿಕೆ ಹಾಕಿದ ಕಡೆ ಕಣನೇ ಇಲ್ಲ, ಆಯ ಎಲ್ಲಿಂದ ಬರಬೇಕು?

ಇನ್ನೂ ಯಾವ ಅಂಗಡೀಲೂ ಸಿಗದೇ ಇರೋದು ಹದ ಹಿಡಿಯೋ ಕೈ, ಅಂದ್ರೆ ಉಕ್ಕು ಎಷ್ಟು ಗಟ್ಟಿ ಇರ್ಬೇಕೋ ಅಷ್ಟಕ್ಕೇ ನಿಲ್ಲಿಸೋ ಕೈ. ಲಾರಿ ಕಮಾನ್ ಪಟ್ಟಿ ಕಡಿದು ಮಾಡಿದ ಮಚ್ಚನ್ನ ಕೆಂಪಗೆ ಕಾಯಿಸಿ, ಬಾಯಿ ಮಾತ್ರ ನೀರಿಗೆ ಅದ್ದಿ ತೆಗೆದು, ಅಲ್ಲಿ ಬೆಳ್ಳಗೆ ಉಜ್ತಾರೆ. ಬೆನ್ನಲ್ಲಿ ಉಳಿದ ಬಿಸಿ ಬಾಯಿ ಕಡೆ ಇಳೀತಾ ಹೋದಂಗೆ ಅಲ್ಲಿ ಒಣಹುಲ್ಲಿನ ಬಣ್ಣ ಕಾಣುತ್ತೆ, ಆಮೇಲೆ ಕಂದು, ಆಮೇಲೆ ನೀಲಿ. ಯಾವ ಬಣ್ಣಕ್ಕೆ ಮತ್ತೆ ನೀರಿಗೆ ಹಾಕ್ಬೇಕು ಅನ್ನೋದ್ರಲ್ಲೇ ಇರೋದು ವಿದ್ಯೆ, ಅವಸರ ಮಾಡಿದ್ರೆ ಬಾಯಿ ಚಕ್ಕೆ ಏಳುತ್ತೆ, ತಡ ಆದ್ರೆ ಮಡಚ್ಕೊಳ್ಳುತ್ತೆ.

2023ರ ಸೆಪ್ಟೆಂಬರಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಕಮ್ಮಾರಿಕೆ ಸೇರಿ 18 ಕಸುಬು, ಟ್ರೇನಿಂಗ್, ಟೂಲ್‌ಕಿಟ್‌ಗೆ 15,000 ರೂಪಾಯಿ, 5% ಬಡ್ಡಿಗೆ ಎರಡು ಕಂತಲ್ಲಿ 3 ಲಕ್ಷದವರೆಗೆ ಸಾಲ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಒಂದು ಕುಟುಂಬಕ್ಕೆ ಒಬ್ಬರೇ ಅನ್ನೋ ರೂಲ್ ಇದೆ, ಅಪ್ಪ ಹೆಸರು ಕೊಟ್ರೆ ಪಕ್ಕದಲ್ಲಿ ತಿದಿ ಒತ್ತೋ ಮದುವೆಯಾಗದ ಮಗನಿಗೆ ಏನೂ ಇಲ್ಲ. ಬಣ್ಣ ನೋಡಿ ಹದ ಹಿಡಿಯೋದು ಅಪ್ಪನ ಜೊತೆ ವರ್ಷಗಟ್ಲೆ ಕೂತೇ ಬರ್ಬೇಕು, ಆ ಮಗ ಕಲಿಯೋವರೆಗೂ ಅವನ ಕೈಗೂ ತಿಂಗಳಿಗಿಷ್ಟು ಅಂತ ಸಿಗೋ ಹಾಗೆ ಆ ರೂಲ್ ಬದಲಾಗ್ಲೇಬೇಕು.